ಎಸ್ಸೆಸ್ಸೆಲ್ಸಿ ಕಟ್ಟುವ ದೊಡ್ಡವರಿಗೆ ಬಿಇಒ ಕಚೇರಿಯಲ್ಲೊಂದು ಟೇಬಲ್ ಹಾಕಿಸಿ

ಸನ್ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ಶಾಲೆ ಬಿಟ್ಟು ಹತ್ತಿಪ್ಪತ್ತು ವರ್ಷವಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಲು ಹೊರಟವರನ್ನು ಗಣಿತಕ್ಕಿಂತ ಮೊದಲು ಕೆಡಹುವುದು ಕಾಗದಪತ್ರ ಮತ್ತು ತಾರೀಖು.

ಅವರಿಗೆ ಮುಖ್ಯವಾಗಿ ದಾರಿ ಎರಡಿವೆ. ರಾಜ್ಯ ಮಂಡಳಿಗೆ ಖಾಸಗಿಯಾಗಿ ಕಟ್ಟಿದರೆ ಗಣಿತ, ವಿಜ್ಞಾನ ಸೇರಿ ಎಲ್ಲವನ್ನೂ ಬರೆಯಬೇಕು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಐದು ವಿಷಯ ಸಾಕು. ಗಣಿತ ಬೇಡವಾದರೆ ಅರ್ಥಶಾಸ್ತ್ರವನ್ನೋ ಗೃಹವಿಜ್ಞಾನವನ್ನೋ ತೆಗೆದುಕೊಳ್ಳಬಹುದು. 14 ತುಂಬಿದ್ದರಾಯಿತು, ಮೇಲೆ ವಯಸ್ಸಿನ ಮಿತಿಯಿಲ್ಲ. ಎಂಟನೆಯ ತರಗತಿಯ ದಾಖಲೆ ಇಲ್ಲದವರು ಸ್ವಘೋಷಣೆ ಕೊಡಬಹುದು. ನೋಂದಣಿ 5 ವರ್ಷ ನಡೆಯುತ್ತದೆ, 9 ಅವಕಾಶ, ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಕೂಲಿ ಮಾಡುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿದರೆ ಮೊದಲ ದಾರಿಯನ್ನಷ್ಟೇ ಹೇಳುತ್ತಾರೆ, ಎರಡನೆಯದನ್ನು ಏಜೆಂಟರು ಮಾರುತ್ತಾರೆ.

ಮೊದಲ ಎಡವು ಹೆಸರಿನದು. ಆಧಾರ್‌ನಲ್ಲಿ ‘ಲಕ್ಷ್ಮಿ’ಗೆ ಇಂಗ್ಲಿಷಿನ ಎಕ್ಸ್, ಟಿಸಿಯಲ್ಲಿ ಕೆ-ಎಸ್-ಎಚ್, ಒಂದರಲ್ಲಿ ಅಪ್ಪನ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು. ಹುಟ್ಟಿದ ದಿನವಂತೂ ಮೇಷ್ಟರು ಬರೆದುಕೊಂಡ ಜೂನ್ 1. ಇದನ್ನೆಲ್ಲ ಅರ್ಜಿಗೆ ಮೊದಲೇ ಸರಿಪಡಿಸಬೇಕು, ಏಕೆಂದರೆ ಅಂಕಪಟ್ಟಿಗೆ ಇಳಿದ ತಪ್ಪು ಜೀವನಪೂರ್ತಿ ಬೆನ್ನು ಬಿಡುವುದಿಲ್ಲ. ಓದಿದ ಶಾಲೆಯೇ ಮುಚ್ಚಿದ್ದರೆ ದಾಖಲಾತಿ ಪುಸ್ತಕ ಎಲ್ಲಿದೆಯೆಂದು ಹುಡುಕಿಕೊಡಬೇಕಾದವರು ನಿಮ್ಮ ಇಲಾಖೆಯವರೇ.

ಎರಡನೆಯದು ವಿಷಯದ ಆಯ್ಕೆ. ಗಣಿತ, ವಿಜ್ಞಾನ ಬಿಟ್ಟು ಪಾಸಾದವರಿಗೆ ಐಟಿಐನಲ್ಲಿ ಫಿಟ್ಟರ್ ಸೀಟು ಸಿಗದು. ಅಂಗನವಾಡಿ ಕೆಲಸದ ಆಸೆಯಿದ್ದವರು ಕನ್ನಡವನ್ನು ಭಾಷೆಯಾಗಿ ಓದಿರಲೇಬೇಕು. ಗೃಹವಿಜ್ಞಾನ ಸುಲಭವೆಂದು ಹಿಡಿದವರಿಗೆ ಅದರಲ್ಲೂ ಪ್ರಾಯೋಗಿಕ ಪರೀಕ್ಷೆಯಿದೆಯೆಂದು ಹಾಲ್ ಟಿಕೆಟ್ ಬಂದಾಗಲೇ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಮುಕ್ತ ಶಾಲೆಯ ಟಿಎಂಎಯಲ್ಲಿ, ಅಂದರೆ ಶಿಕ್ಷಕರು ತಿದ್ದಿ ಅಂಕ ಕೊಡುವ ಬರಹದಲ್ಲಿ. ಪ್ರತಿ ವಿಷಯಕ್ಕೂ ಆರು ಪ್ರಶ್ನೆಗಳ ಮನೆಗೆಲಸ: 2 ಅಂಕದ ಮೂರು, 4 ಅಂಕದ ಎರಡು, 6 ಅಂಕದ ಒಂದು. ಒಟ್ಟು 20. ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಪಿಡಿಎಫ್ ಆಗಿ ಏರಿಸಬೇಕು. ಮೊಬೈಲಿನಲ್ಲಿ ತೆಗೆದ ಫೋಟೊ ಒಂದು ಮೂಲೆಯಲ್ಲಿ ಮಬ್ಬು, ಹಾಳೆಗಳು ಹಿಂದುಮುಂದು, ಫೈಲು ಭಾರ. ಕೊನೆಯ ದಿನದ ರಾತ್ರಿ ಸರ್ವರ್ ಸುತ್ತುತ್ತಲೇ ಇರುತ್ತದೆ. ಪಾಸಿಗೆ ಬೇಕಿರುವುದು ನೂರಕ್ಕೆ 33. ಪುಸ್ತಕ ನೋಡಿಕೊಂಡೇ ಗಳಿಸಬಹುದಾದ ಈ ಅಂಕಗಳು ಕೈತಪ್ಪಿದರೆ ಪೂರ್ತಿ ಭಾರ ಪರೀಕ್ಷೆಯ ಆ ಮೂರು ಗಂಟೆಯ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಪೆನ್ನು ಹಿಡಿಯದ ಕೈ ಎರಡನೆಯ ಗಂಟೆಗೇ ಸೋಲುತ್ತದೆ, ಸ್ವಾಮಿ.

‘ಹದಿನೈದೇ ದಿನದಲ್ಲಿ ನೇರ ಪಾಸ್’ ಬೋರ್ಡುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಲಸ ಸಿಕ್ಕಮೇಲೆ ಅಂಕಪಟ್ಟಿಯ ನೈಜತೆ ಪರಿಶೀಲನೆಗೆ ಹೋದಾಗ ಬಣ್ಣ ಬಯಲಾಗುತ್ತದೆ, ಕೇಸು ಬೀಳುವುದು ಕಾಸು ಕೊಟ್ಟವರ ಮೇಲೆ.

ಪ್ರತಿ ಬಿಇಒ ಕಚೇರಿಯಲ್ಲಿ ವಾರಕ್ಕೊಂದು ದಿನ, ಸಂಜೆ 5ರಿಂದ 7ರವರೆಗೆ, ಎರಡೂ ದಾರಿ ಬಲ್ಲ ಒಬ್ಬರನ್ನು ಕೂರಿಸಿ; ಹಗಲು ಬಂದರೆ ಕೂಲಿ ತಪ್ಪುತ್ತದೆ. ಗ್ರಾಮೀಣಾಭಿವೃದ್ಧಿ ಇಲಾಖೆಯೊಂದಿಗೆ ಮಾತಾಡಿ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಟಿಎಂಎ ಗಡುವಿನ ಹಿಂದಿನ ಎರಡು ವಾರ ಸ್ಕ್ಯಾನರ್ ಸಿಗುವಂತೆ ಮಾಡಿ. ಸರ್ಕಾರಿ ಪ್ರೌಢಶಾಲೆಯ ಲ್ಯಾಬನ್ನು ಪರೀಕ್ಷೆಗೆ ಮುಂಚೆ ನಾಲ್ಕು ಭಾನುವಾರ ತೆರೆದರೆ ವಿಜ್ಞಾನ ತೆಗೆದುಕೊಂಡವರು ಅಲ್ಲಿನ ಉಪಕರಣಗಳನ್ನು ಒಮ್ಮೆಯಾದರೂ ಮುಟ್ಟಿ ನೋಡಿರುತ್ತಾರೆ.

ಇತಿ,
ವಯಸ್ಕ ಅಭ್ಯರ್ಥಿಗಳಿಗೆ ಪಾಠ ಹೇಳುವವರು