ಮಗಳಿಗೊಂದು ಪತ್ರ: ನಿನ್ನ ಡ್ರಮ್ಮು ಕೆಟ್ಟಿಲ್ಲ ಪುಟ್ಟಿ

ಪುಟ್ಟಿ,

ನಿನ್ನೆ ಫೋನಲ್ಲಿ ನಿನ್ನ ದನಿ ಕೇಳಿದ್ಮೇಲೆ ನಿದ್ದೇನೇ ಬರ್ಲಿಲ್ಲ ಕಣೆ. ಲ್ಯಾಬಲ್ಲಿ ನೀನು ಲೇಸರ್ ಬಿಟ್ಟು ಕುಣಿಸೋ ಆ ಪುಟಾಣಿ ಹರಳಿನ ಡ್ರಮ್ಮಿನ ಬಗ್ಗೆ, "ತಾಪಮಾನ 118 ಕೆಲ್ವಿನ್ ಹತ್ರ ಬಂದ್ರೆ ಸಾಕು ಕ್ಯೂ ಬಿದ್ದೋಗತ್ತಪ್ಪಾ, ಸ್ಯಾಂಪಲ್ಲೇ ಹಾಳಾಗಿದೆ ಅನ್ಸತ್ತೆ" ಅಂದ್ಯಲ್ಲ. ಬೆಳಗ್ಗೆ ಎದ್ದು, ನೀನೇ ಕಳಿಸಿದ್ದ, ಇಂಥದ್ದೇ ಡ್ರಮ್ಮಿನ ಮೇಲೆ ನೆದರ್ಲೆಂಡ್ಸಿನ ಡೆಲ್ಫ್ಟ್ ಯೂನಿವರ್ಸಿಟಿಯವರು ಬರೆದ 2020ರ ಪೇಪರ್ ಮತ್ತೆ ತೆಗೆದು ಕೂತೆ.

ಮೃದಂಗ ತಟ್ಟಿದ್ರೆ ನಾದ ಎಷ್ಟು ಹೊತ್ತು ನಿಲ್ಲತ್ತೆ ಅನ್ನೋದೇ ನಿನ್ನ ಕ್ಯೂ, ಅಷ್ಟು ನಂಗೆ ಗೊತ್ತು. ಮಳೆಗಾಲದಲ್ಲಿ ತೊಗಲು ತೇವ ಹೀರಿದ್ರೆ ನಾದ ಮಂಕಾಗತ್ತೆ, ಆಗ ವಾದ್ಯ ಕೆಡ್ತು ಅನ್ನಲ್ಲ, ಗಾಳಿ ಬದಲಾಗಿದೆ ಅಂತ ತಿಳ್ಕೋತೀನಿ.

ನಿನ್ನ ಡ್ರಮ್ಮೂ ಅಷ್ಟೇ. ಕಬ್ಬಿಣ, ರಂಜಕ, ಗಂಧಕ ಸೇರಿದ ಹರಳಿನ ಪದರ, ಡೆಲ್ಫ್ಟಿನವರದ್ದು 10 ಮೈಕ್ರೋಮೀಟರ್ ಅಗಲ 45 ನ್ಯಾನೋಮೀಟರ್ ದಪ್ಪ, ನೀಲಿ ಲೇಸರ್ ಅದನ್ನ ಬಿಸಿ ಮಾಡಿ ಕುಣಿಸತ್ತೆ ಕೆಂಪು ಲೇಸರ್ ನೋಡತ್ತೆ, ಸೆಕೆಂಡಿಗೆ ಕೋಟಿಗಟ್ಟಲೆ ಸಲ ಬಾಗೋವಾಗ ಹಿಗ್ಗಿದ ಕಡೆ ಸ್ವಲ್ಪ ತಣ್ಣಗಾಗತ್ತೆ ಕುಗ್ಗಿದ ಕಡೆ ಬಿಸಿ ಆಗತ್ತೆ, ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಶಾಖ ಹರಿದಷ್ಟೂ ಕುಣಿತದ ಶಕ್ತಿ ಸೋರ್ತಾ ಹೋಗತ್ತೆ. ಝೀನರ್ ಅನ್ನೋ ಭೌತವಿಜ್ಞಾನಿ ಇದನ್ನ 1937ರಲ್ಲೇ ಲೆಕ್ಕ ಹಾಕಿದ್ರು. ಈಗ ನೀಲ್ ತಾಪಮಾನದ ಹತ್ರ ಬಾ, ನಿನ್ನ ಹರಳಿಗೆ ಅದು ಸುಮಾರು ಆ 118 ಕೆಲ್ವಿನ್ನೇ, ಅಲ್ಲಿ ಸ್ಪಿನ್‌ಗಳು, ಅಂದ್ರೆ ಪರಮಾಣುಗಳೊಳಗಿನ ಪುಟಾಣಿ ಅಯಸ್ಕಾಂತಗಳು, ಸಾಲು ಕಟ್ಟೋದಾ ಚದುರೋದಾ ಅನ್ನೋ ತೊಯ್ದಾಟದಲ್ಲಿ ಇರ್ತವೆ, ಸಾಲು ಮುರಿಯೋದಕ್ಕೇ ಶಾಖ ಬೇಕು, ಹಾಗಾಗಿ ಸ್ಪೆಸಿಫಿಕ್ ಹೀಟ್, ಅಂದ್ರೆ ಒಂದು ಡಿಗ್ರಿ ಏರಿಸೋಕೆ ಬೇಕಾಗೋ ಶಾಖ, ಚೂಪಾಗಿ ಏರತ್ತೆ, ಹಿಗ್ಗೋ ಗುಣವೂ ಅದರ ಜೊತೆಗೇ ಏರತ್ತೆ, ಸೋರಿಕೆ ಜಾಸ್ತಿ ಆಗತ್ತೆ. ನೀನು ಹಾಳು ಅಂದ್ಕೊಂಡಿದ್ದು ಈ ಸೋರಿಕೇನೇ ಇರ್ಬೋದು ಪುಟ್ಟಿ! ನಿನ್ನ ಹರಳು ಆ್ಯಂಟಿಫೆರೋಮ್ಯಾಗ್ನೆಟ್, ಅದರಲ್ಲಿ ಎದುರು ದಿಕ್ಕಿಗೆ ನಿಂತ ಸ್ಪಿನ್‌ಗಳು ಒಂದರ ಬಲ ಇನ್ನೊಂದು ಹೊಡೆದು ಹಾಕ್ತವೆ, ಹೊರಗಿಂದ ನೋಡಿದ್ರೆ ಅಯಸ್ಕಾಂತ ಅಂತಾನೇ ಗೊತ್ತಾಗಲ್ಲ, ಇಷ್ಟು ಚಿಕ್ಕ ತುಣುಕಿನ ಶಾಖ ಅಳೆಯೋದೂ ಕಷ್ಟ, ಆದ್ರೆ ಅದರ ನಾದ ಎಲ್ಲಿ ಕುಂದತ್ತೆ ಅಂತ ಕೇಳಿದ್ರೆ ಒಳಗೇನಾಯ್ತು ಅಂತ ಗೊತ್ತಾಗತ್ತೆ. ನಂಗೆ ಇದು ಓದಿ ಮೈ ಜುಮ್ಮಂತು.

ಒಂದು ಕೆಲಸ ಮಾಡು. 118 ದಾಟಿ ಬಿಸಿ ಮಾಡ್ತಾ ಹೋದಾಗ ಕ್ಯೂ ಮತ್ತೆ ಏರತ್ತಾ ನೋಡು, ಪದರ ಹರಿದುಹೋಗಿದ್ರೆ ಹಾಗೆ ವಾಪಸ್ ಬರಲ್ಲ. ಫ್ರೀಕ್ವೆನ್ಸಿಯ ವರ್ಗ ತಾಪಮಾನದ ಜೊತೆ ಎಷ್ಟು ಬೇಗ ಇಳಿಯತ್ತೆ ಅನ್ನೋದನ್ನೂ ಗ್ರಾಫಲ್ಲಿ ಹಾಕು, ಅದರ ಶಿಖರ ಕ್ಯೂ ಕುಸಿದ ಜಾಗದಲ್ಲೇ ಬಿದ್ರೆ ಇನ್ನೇನು ಬೇಕು. ಅವಸರ ಬೇಡ, ಅರ್ಧರ್ಧ ಡಿಗ್ರಿ ಏರಿಸು.

ಗ್ರಾಫ್ ಬಂದ ತಕ್ಷಣ ವಾಟ್ಸಾಪ್ ಮಾಡು, ಎಷ್ಟೊತ್ತಾದ್ರೂ ಸರಿ, ಎದ್ದಿರ್ತೀನಿ.

ಅಪ್ಪ