ಮಲ್ಟಿಪ್ಲೆಕ್ಸರ್ ಇದ್ದರೆ ಎಂಟು ಯಂತ್ರ ಇದ್ದಂತಲ್ಲ

ಸಂಪಾದಕರೇ,

ಆಟೊಮ್ಯಾಟಿಕ್ ಲ್ಯಾಬ್‌ಗಳ ಬಗ್ಗೆ ಬರೆಯುವವರು ‘ಒಂದೇ ಯಂತ್ರ ಎಂಟು ಸೆಲ್‌ಗಳನ್ನು ಒಟ್ಟಿಗೆ ಪರೀಕ್ಷಿಸುತ್ತದೆ’ ಎಂದು ಸುಲಭವಾಗಿ ಬರೆದುಬಿಡುತ್ತಾರೆ (ಇಲ್ಲಿ ಸೆಲ್ ಎಂದರೆ ಎಲೆಕ್ಟ್ರೋಡ್‌ಗಳಿರುವ ಪರೀಕ್ಷಾ ಪಾತ್ರೆ ಅಥವಾ ಬ್ಯಾಟರಿ). ಮಲ್ಟಿಪ್ಲೆಕ್ಸರ್ ಎಂಬ ಸ್ವಿಚ್ ಪೆಟ್ಟಿಗೆ ಆದರೆ ಅದು ಹಾಗಲ್ಲ. ಅಳೆಯುವ ಪೊಟೆನ್ಶಿಯೊಸ್ಟಾಟ್ (ಸೆಲ್‌ನ ವೋಲ್ಟೇಜ್ ಹತೋಟಿಯಲ್ಲಿಟ್ಟು ಕರೆಂಟ್ ಅಳೆಯುವ ಯಂತ್ರ) ಒಂದೇ, ರಿಲೇಗಳು (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳು) ಅದನ್ನು ಸರದಿಯಲ್ಲಿ ಒಂದೊಂದು ಸೆಲ್‌ಗೆ ಜೋಡಿಸುತ್ತವೆ, ಅಷ್ಟೇ. ಉಳಿದವು ಸಾಮಾನ್ಯವಾಗಿ ಓಪನ್ ಸರ್ಕ್ಯೂಟ್‌ನಲ್ಲಿ, ಅಂದರೆ ಕರೆಂಟ್ ಹರಿಯದೆ, ಸುಮ್ನೆ ಕಾಯುತ್ತಿರುತ್ತವೆ. ವಾರಗಟ್ಟಲೆ ನಡೆಯುವ ತುಕ್ಕಿನ ಪರೀಕ್ಷೆಗೆ ಇದು ಧಾರಾಳವಾಗಿ ಸಾಕು. ಬ್ಯಾಟರಿಯನ್ನು ಬಿಡದೆ ಚಾರ್ಜ್, ಡಿಸ್ಚಾರ್ಜ್ ಮಾಡಬೇಕಿದ್ದರೆ ಪ್ರತಿ ಸೆಲ್‌ಗೂ ಸ್ವಂತ ಚಾನೆಲ್, ಅಂದರೆ ತನ್ನದೇ ಅಳತೆ ಸರ್ಕ್ಯೂಟ್, ಬೇಕೇ ಬೇಕು.

ಇನ್ನು ಸ್ವಿಚ್ ಮಾಡುವ ಕ್ರಮ. ನನ್ನ ಪ್ರಕಾರ ಅಸಲಿ ವಿಷಯ ಇದೇ. ಮೊದಲು ಸೆಲ್ ಆಫ್ ಆಗಬೇಕು (ಪೊಟೆನ್ಶಿಯೊಸ್ಟಾಟ್ ಕರೆಂಟ್ ಕೊಡುವುದು ನಿಲ್ಲಬೇಕು), ಆಮೇಲೆ ವರ್ಕಿಂಗ್ (ಪರೀಕ್ಷಿಸುವ ಎಲೆಕ್ಟ್ರೋಡ್‌ನದು), ಕೌಂಟರ್ (ಕರೆಂಟ್‌ನ ಇನ್ನೊಂದು ತುದಿಯದು), ರೆಫರೆನ್ಸ್ (ವೋಲ್ಟೇಜ್ ಹೋಲಿಸಿ ನೋಡುವುದು), ಸೆನ್ಸ್ (ವೋಲ್ಟೇಜ್ ಓದುವುದು) ತಂತಿಗಳೆಲ್ಲ ಬದಲಾಗಬೇಕು, ರಿಲೇ ಅದುರಾಟ ನಿಲ್ಲುವವರೆಗೆ ಸ್ವಲ್ಪ ತಡೆದು ಮತ್ತೆ ಆನ್. ಸೆಲ್ ಆನ್ ಇರುವಾಗಲೇ ರೆಫರೆನ್ಸ್ ತಂತಿ ಬಿಟ್ಟುಹೋಯಿತು ಅನ್ನಿ, ಪೊಟೆನ್ಶಿಯೊಸ್ಟಾಟ್‌ಗೆ ವೋಲ್ಟೇಜ್ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ, ಅದು ತನ್ನ ಶಕ್ತಿಯನ್ನೆಲ್ಲ ಹಾಕಿ ತಳ್ಳುತ್ತದೆ, ಎಲೆಕ್ಟ್ರೋಡ್‌ನಲ್ಲಿ ಗುಳ್ಳೆ ಏಳುತ್ತದೆ, ಸ್ಯಾಂಪಲ್ ಕೆಟ್ಟೇ ಹೋಗುತ್ತದೆ. ರಾತ್ರಿಯಿಡೀ ಯಾರೂ ನೋಡದೆ ಓಡುವ ಪರೀಕ್ಷೆಯಲ್ಲಿ ಇದು ಬೆಳಗಾದ ಮೇಲೇ ಗೊತ್ತಾಗುವುದು, ಅಲ್ವಾ?

ರಿಲೇ ಆಯ್ಕೆಯೂ ಮುಖ್ಯ. ಸೆಮಿಕಂಡಕ್ಟರ್ ಸ್ವಿಚ್ ಬೇಗ ಬದಲಾಗುತ್ತದೆ, ಸವೆಯುವುದಿಲ್ಲ, ಆದರೆ ಆಫ್ ಇದ್ದಾಗಲೂ ಚೂರು ಕರೆಂಟ್ ಸೋರುತ್ತದೆ. ಪಿಕೊಆಂಪಿಯರ್ (ಆಂಪಿಯರ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಅಳೆಯುವವರಿಗೆ ಆ ಚೂರೇ ಜಾಸ್ತಿ. ರೀಡ್ ರಿಲೇ (ಗಾಜಿನ ಕೊಳವೆಯೊಳಗಿನ ಲೋಹದ ಪಟ್ಟಿಗಳು ಕಾಂತದಿಂದ ಕೂಡುವ ಸ್ವಿಚ್) ಸೋರುವುದು ತೀರಾ ಕಡಿಮೆ, ಆದರೆ ಅದರ ಕಾಂಟ್ಯಾಕ್ಟ್ ಕಾಲಕ್ರಮೇಣ ಸವೆಯುತ್ತದೆ. ಮಲ್ಟಿಪ್ಲೆಕ್ಸರ್ ಕೊಳ್ಳುವ ಮುಂಚೆ ಎಷ್ಟು ಸೆಲ್ ಜೋಡಿಸಬಹುದು ಎಂದಷ್ಟೇ ಅಲ್ಲ, ಕಾಯುವ ಸೆಲ್‌ಗಳನ್ನು ಯಾವ ಸ್ಥಿತಿಯಲ್ಲಿ ಇಡುತ್ತದೆ ಎಂದೂ ಕೇಳಿ.

— ಒಬ್ಬ ಓದುಗ