ಬಾಗಿಲು ಬೇರೆ, ಕದ ಬೇರೆ

ಕನ್ನಡ ಕಲಿ ತರಗತಿಯಲ್ಲಿ ಡೋರ್ ಎಂದರೆ ಬಾಗಿಲು ಎಂದು ಹೇಳಿಕೊಟ್ಟು ಮುಂದೆ ಹೋಗುತ್ತೇವೆ. ಮಗು 'ಕದ ಅಂದ್ರೆ?' ಎಂದರೆ 'ಅದೂ ಅದೇ' ಅಂತ ಉತ್ತರ. ಅದೇ ಅಲ್ಲ. ಗೋಡೆಯಲ್ಲಿ ಬಿಟ್ಟ ತೆರಪು ಬಾಗಿಲು. ಅದನ್ನು ಮುಚ್ಚುವ ಹಲಗೆ ಕದ. ಬಾಗಿಲಲ್ಲಿ ನಿಲ್ಲಬಹುದು, ಕದದಲ್ಲಿ ನಿಲ್ಲಲಾಗದು. ಬಾಗಿಲು ಒಂದೇ ಇದ್ದರೂ ಕದ ಒಂಟಿಯೂ ಇರಬಹುದು, ಜೋಡಿಯೂ ಇರಬಹುದು.

'ಬಾಗಿ ಒಳಗೆ ಬರುವುದರಿಂದ ಬಾಗಿಲು' ಎಂಬ ವಿವರಣೆ ವಾಟ್ಸಾಪಿನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಹಳೇ ಮನೆಗಳ ಬಾಗಿಲು ಗಿಡ್ಡ, ಜೊತೆಗೆ 'ತಲೆಬಾಗಿಲು' ಎಂಬ ಮಾತು ಬೇರೆ, ನಂಬುವುದು ಸುಲಭ. ಆದರೆ ತಲೆಬಾಗಿಲಿನ 'ತಲೆ' ಎಂದರೆ ಮುಖ್ಯ, ಅಷ್ಟೇ. ನೆಂಟರನ್ನು ನೋಡಿ: ತಮಿಳಿನ ವಾಯಿಲ್, ಮಲಯಾಳದ ವಾದಿಲ್, ತೆಲುಗಿನ ವಾಕಿಲಿ. ಅಲ್ಲಿನ ವಕಾರ ನಮ್ಮಲ್ಲಿ ಬಕಾರ. ತಮಿಳಿನ ವೇರ್ ನಮ್ಮ ಬೇರು, ವಾಯ್ ನಮ್ಮ ಬಾಯಿ. ತಮಿಳು ವೈಯಾಕರಣರು 'ಇಲ್‌ವಾಯ್', ಅಂದರೆ ಮನೆಯ ಬಾಯಿ, ಹಿಂದುಮುಂದಾಗಿ ವಾಯಿಲ್ ಆಯಿತೆನ್ನುತ್ತಾರೆ. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮನೋ ಅವರ ದ್ರಾವಿಡ ನಿಘಂಟೂ ಬಾಗಿಲನ್ನು ಇರಿಸಿರುವುದು ಬಾಯಿಯ ಪಕ್ಕದಲ್ಲೇ. ಕದಕ್ಕೆ ತಮಿಳಿನ ನೆಂಟ ಕದವು.

ಈ ವ್ಯತ್ಯಾಸ ಕಣ್ಣಿಗೆ ಕಾಣುವುದು ಹಳೆಯ ಮರಗೆಲಸದಲ್ಲಿ. ಆ ಕದಗಳಿಗೆ ಕೀಲುಪಟ್ಟಿ ಇಲ್ಲ. ಒಂದು ಅಂಚಿನ ಮೇಲೊಂದು, ಕೆಳಗೊಂದು ಗೂಟ. ಕೆಳಗಿನದು ಹೊಸ್ತಿಲ ಕುಳಿಯಲ್ಲಿ ಕೂತರೆ, ಉದ್ದನೆಯ ಮೇಲುಗೂಟ ಮೇಲಿನ ತೊಲೆಯ ತೂತಿನಲ್ಲಿ ತಿರುಗುತ್ತದೆ. ಕದವನ್ನು ಮೇಲಕ್ಕೆತ್ತಿ ಕೆಳಗೂಟವನ್ನು ಕುಳಿಯಿಂದ ಬಿಡಿಸಿದರೆ ಇಡೀ ಕದ ಕೈಗೆ ಬರುತ್ತದೆ. ಬಾಗಿಲು ಅಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ತಿರುಗಿ ಕುಳಿ ಸವೆದರೆ ಕದ ಇಳಿದು, ಚಿಲಕದ ಕಡೆಯ ಮೂಲೆ ನೆಲಕ್ಕೆ ಉಜ್ಜುತ್ತದೆ. ಆಗ ಅಂಚು ಹೆರೆಯುವುದು ತಪ್ಪು. ಕುಳಿಗೆ ಕಬ್ಬಿಣದ ಬಿಲ್ಲೆ ಹಾಕಿ ಕದವನ್ನು ಎತ್ತರಿಸಬೇಕು. ಮಳೆಗಾಲದ ಬಿಗಿತ ಬೇರೆ: ನೀರು ಕುಡಿದ ಹಲಗೆ ಅಡ್ಡಕ್ಕೆ ಉಬ್ಬಿರುತ್ತದೆ. ಅದನ್ನು ಆಗಲೇ ಹೆರೆದರೆ ಬೇಸಿಗೆಗೆ ಸಂದು ಬೀಳುತ್ತದೆ.

ಸಂಸ್ಕೃತದಿಂದ ಬಂದವೂ ಇವೆ. ಚೌಕಟ್ಟಿನ ಹೆಸರು ದಾರವಂದ, ಮೂಲದಲ್ಲಿ ದ್ವಾರಬಂಧ. ಕದಕ್ಕೆ ಕವಾಟ, ಕಪಾಟ ಎಂಬ ಹೆಸರೂ ಉಂಟು. ಮಾತಿನಲ್ಲಿ ಕಪಾಟು ಬಟ್ಟೆ ಇಡುವ ಬೀರುವಾಯಿತು; ಕವಾಟವನ್ನು ವೈದ್ಯರು ಹೃದಯಕ್ಕೆ ಒಯ್ದರು, ರಕ್ತ ಹಿಂದಕ್ಕೆ ಹರಿಯದಂತೆ ಮುಚ್ಚಿಕೊಳ್ಳುವ ಪದರಕ್ಕೆ.